ಎಡ ಭುಜದ ಬೀಜಗಣಿತ

ಹೋದ ವಾರ ಗೋಕಾಕದ ಪೇಟೆಯಲ್ಲಿ ಕೋಟು ಹೊಲಿಸಲು ಹೋಗಿದ್ದೆ. ದರ್ಜಿ ನನ್ನ ಬೆನ್ನ ಹಿಂದೆ ನಿಂತು ಟೇಪು ಹಿಡಿದು, ಬಾಜೂ ಕೂತ ತನ್ನ ತಮ್ಮನಿಗೆ ಅಳತೆ ಬರೆಸುತ್ತಿದ್ದ. "ಬೆನ್ನು ಹದಿನೈದು, ಅರ್ಧಾ ವಜಾ" ಎಂದು ಅರ್ಧ ಇಂಚು ಕಳೆದನೋ ಇಲ್ಲವೋ, ನನ್ನ ಎಡ ಭುಜ ಚಂಗನೆ ಎದ್ದು ಅವನ ಗದ್ದಕ್ಕೆ ಬಡಿಯಿತು.

"ಸಾಹೇಬ್ರ, ಸುಮ್ಮ ನಿಂದರ್ರಿ. ಭುಜಾ ಹಿಂಗ ಕುಣದ್ರ ತೋಳು ಎಲ್ಲಿ ಹಚ್ಚಲಿ?"

"ಕುಣಿಯೂದಲ್ಲೋ ಮಾರಾಯಾ, ಅದು ಲೆಕ್ಕಾ ಮಾಡಾಕತ್ತೈತಿ" ಎಂದೆ.

ಅಣ್ಣ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ಖರೆ ಹೇಳಿದಾಗೆಲ್ಲ ಜನ ನಗುವಂತೆ ಬದುಕಿದ್ದೇನೆ. ಇಪ್ಪತ್ತೈದು ವರ್ಷದಲ್ಲಿ ನಾನು ಗಳಿಸಿದ್ದು ಅದೊಂದೇ. ನೀವಾದರೂ ಸ್ವಲ್ಪ ಹೊತ್ತು ನಗದೆ ಕೇಳಿ. ನಡುವೆ ನಗು ಬಂದರೆ ತಪ್ಪು ನಿಮ್ಮದಲ್ಲ, ನನ್ನ ಚಾಳಿಯದು.

ನಾನು ಹುಟ್ಟಾ ನಕಲಿ. ನಮ್ಮ ಮನೆ ಮೂಡಲಗಿಯಲ್ಲಿ, ಅಪ್ಪನ ಅರಿವೆ ಅಂಗಡಿ ಮನೆಗೆ ಹತ್ತಿಕೊಂಡೇ ಪೇಟೆಯಲ್ಲಿ. ಏಳೆಂಟು ವರ್ಷದವನಿದ್ದಾಗ ಒಂದು ದಿನ ಹಿತ್ತಲಲ್ಲಿ ನಿಂತು ಅವ್ವನ ದನಿಯಲ್ಲಿ "ಏನ್ರೀ, ರೊಟ್ಟಿ ಆರಾಕತ್ತಾವು, ಬರ್ರಿ" ಎಂದು ಕೂಗಿದೆ. ಗೋಡೆಯಾಚೆಯ ಅಂಗಡಿಯಲ್ಲಿ ಗಿರಾಕಿಯ ಮುಂದೆ ಸೀರೆ ಹರಡಿದ್ದ ಅಪ್ಪ, ಇನ್ನೂ ಹತ್ತು ಗಂಟೆಯೂ ಆಗದ ಹೊತ್ತಿನಲ್ಲಿ, ಸೀರೆಯನ್ನು ಅಲ್ಲೇ ಬಿಟ್ಟು ಬಂದು ಕೈಕಾಲು ತೊಳೆದು ಮಣೆಯ ಮೇಲೆ ಕೂತೇಬಿಟ್ಟರು. ಒಲೆಯೇ ಹೊತ್ತಿರಲಿಲ್ಲ. ಅವ್ವ ಹೊರಗೆ ಕಾಳು ಹಸನು ಮಾಡುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಇಬ್ಬರೂ ಕೂಡಿ ನನ್ನ ಮುಖ ನೋಡಿದರು. ಮುಂದಿನದು ನಿಮಗೆ ತಿಳಿದದ್ದೇ. ಬಾಸುಂಡೆ ಬಂದ ಕಾಲು ತಿಕ್ಕಿಕೊಳ್ಳುತ್ತ, ಅದೇ ದಿನ ಮಧ್ಯಾಹ್ನ, ಹೊಡೆಯುವಾಗ ಅಪ್ಪ ಹೇಗೆ ಉಸಿರು ಹಿಡಿಯುತ್ತಾರೆ ಎಂಬುದನ್ನು ಅವ್ವನಿಗೆ ಮಾಡಿ ತೋರಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವಿನಿಂದಲೇ ನಾನು ಕೆಟ್ಟೆ ಎಂದು ಈಗ ಅನಿಸುತ್ತದೆ. ಆದರೆ ಅವ್ವನ ಮೇಲೆ ಹೊರೆ ಹೊರಿಸುವುದೂ ನನ್ನದೇ ಇನ್ನೊಂದು ಚಾಳಿ. ಬಿಡಿ.

ಆಮೇಲೆ ನನ್ನ ಬಾಯಿಗೆ ಬೀಳದವರು ಯಾರೂ ಉಳಿಯಲಿಲ್ಲ. ಪ್ರತಿ ಮಾತಿನ ಕೊನೆಗೂ ಗಂಟಲು ಸರಿಮಾಡಿಕೊಳ್ಳುವ ಕೌಜಲಗಿಯ ಸೋದರಮಾವ, "ಮುಂದ ಸರೀರಿ, ಹಿಂದ ಸರೀರಿ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ ಗೋಕಾಕ ಮೋಟಾರಿನ ಕಂಡಕ್ಟರ, ಮುಲಾಮು ಹಚ್ಚುವ ಮೊದಲೇ "ಉರಿಯೂದಿಲ್ಲ" ಎನ್ನುವ ದವಾಖಾನೆಯ ಕಂಪೌಂಡರ. ಎಲ್ಲರನ್ನೂ ಮಾಡಿದೆ. ಈ ಕಸುಬಿನ ಒಂದು ಗುಟ್ಟು ಹೇಳುತ್ತೇನೆ: ನಕಲಿ ಮಾಡುವವನು ಮಾತು ಕೇಳುವುದಿಲ್ಲ, ದನಿ ಕೇಳುತ್ತಾನೆ. ಸೋದರಮಾವ ಏನು ಹೇಳಿದರೆಂದು ನನ್ನನ್ನು ಕೇಳಿದರೆ ತಿಳಿಯದು. ಹೇಗೆ ಹೇಳಿದರೆಂದು ಕೇಳಿದರೆ ಕೆಮ್ಮಿನ ಸಮೇತ ಒಪ್ಪಿಸಿಬಿಡುತ್ತೇನೆ. ಇಂಥ ಕಿವಿ ಹೊತ್ತುಕೊಂಡು ನಾನು ಬೆಳಗಾವಿಗೆ ಕಾಲೇಜು ಕಲಿಯಲು ಹೋದೆ. ಹೋದವನು ತೆಗೆದುಕೊಂಡದ್ದು ಗಣಿತ.

ನಮಗೆ ಬೀಜಗಣಿತ ಕಲಿಸುತ್ತಿದ್ದವರು ಹುಕ್ಕೇರಿ ಕಡೆಯವರು. ನೀಳ ದೇಹ, ಮುಚ್ಚುಗೊರಳ ಕೋಟು, ತಲೆಗೆ ರುಮಾಲು. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತಿಲ್ಲ. ಅದನ್ನೂ ಬಾಯಿ ಅರ್ಧ ತೆರೆದು ಆಡುವವರು. ಮೊದಲ ದಿನ ಹಲಗೆಯ ಮೇಲೆ ನಾಲ್ಕು ಅಂಕೆಗಳನ್ನು ಎರಡು ಸಾಲಾಗಿ ಬರೆದು, ಆಚೆ ಈಚೆ ಎರಡು ನೆಟ್ಟನೆಯ ಗೀರು ಎಳೆದರು. ನನ್ನ ಕಣ್ಣಿಗೆ ಅದು ಎರಡು ಗೂಟಗಳ ನಡುವೆ ಕಟ್ಟಿದ ನಾಲ್ಕು ದನಗಳಂತೆ ಕಂಡಿತು. ಇದರ ಹೆಸರು ಡಿಟರ್ಮಿನೆಂಟ್ ಎಂದರು. ಓರೆಯಾಗಿ ಗುಣಿಸಿ ಒಂದರಲ್ಲಿ ಇನ್ನೊಂದನ್ನು ಕಳೆಯಿರಿ, ಬರುವ ಒಂದೇ ಒಂದು ಸಂಖ್ಯೆ ಈ ಎರಡು ಸಮೀಕರಣಗಳ ಹಣೆಬರಹವನ್ನೆಲ್ಲ ಹೇಳುತ್ತದೆ. ಸೊನ್ನೆ ಬಂತೆಂದರೆ ನಿಮ್ಮ ಎರಡೂ ಸಮೀಕರಣಗಳು ಒಂದೇ ದಾರಿಗೆ ನಡೆದಿವೆ, ಅವುಗಳಿಂದ ಒಂದು ನಿಶ್ಚಿತ ಉತ್ತರ ಕೇಳಬೇಡಿ ಎಂದರು. ಎಷ್ಟು ಚಂದದ ಮಾತು! ಇದನ್ನು ಹೀಗೆ ನಿಮಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಅವತ್ತು ನಾನು ಕೊನೆಯ ಬೆಂಚಿನಲ್ಲಿ ಕೂತು ಅವರ ರುಮಾಲಿನ ಸುತ್ತು ಎಣಿಸುತ್ತಿದ್ದೆ.

ನನ್ನ ಪಾಲಿನ ಹಬ್ಬ ಬಂದದ್ದು ಮೂರು ಸಾಲಿನ ಲೆಕ್ಕ ಶುರುವಾದಾಗ. ಒಂಬತ್ತು ಅಂಕೆಗಳನ್ನು ಮೂರು ಸಾಲಿನಲ್ಲಿ ಬರೆದು, ಸರ್ ಮೇಲಿನ ಸಾಲಿನ ಒಂದೊಂದೇ ಅಂಕೆ ಹಿಡಿದು ಬಿಡಿಸುತ್ತ ಹೋಗುತ್ತಿದ್ದರು. ಒಳಗಿನ ಓರೆ ಗುಣಾಕಾರವೆಲ್ಲ ಬಾಯಿಲೆಕ್ಕ, ಹಾಗಾಗಿ ಮೊದಲನೆಯದು ಹಲಗೆಯ ಸದ್ದಿಲ್ಲದೆ ಮುಗಿಯುತ್ತಿತ್ತು. ಎರಡನೆಯದಕ್ಕೆ ಬಂದಾಗ ಹಲಗೆಯಿಂದ "ಕಿರ್ರ್" ಎಂಬ ಸದ್ದು, ಅದರ ಹಿಂದೆಯೇ ಅವರ ಎಡ ಭುಜ ಕಿವಿಯವರೆಗೆ ಹಾರುವುದು. ಮೂರನೆಯದು ಮತ್ತೆ ಸದ್ದಿಲ್ಲದೆ. ಪ್ರತಿ ಲೆಕ್ಕದಲ್ಲೂ ಹೀಗೇ. ಅವರ ಬೆನ್ನು ಹಲಗೆಗೆ ಅಡ್ಡ, ನನ್ನ ಕಣ್ಣು ಅವರ ಭುಜದ ಮೇಲೆ. ಆಚೆ ಅವರು ಏನು ಬರೆಯುತ್ತಿದ್ದರೆಂದು ನೋಡಿದವನಾರು? ಒಂದು ವಾರದಲ್ಲಿ ಗಂಟಲಿನಿಂದ ಆ ಕಿರ್ರ್ ತೆಗೆಯುವುದನ್ನು ಕಲಿತೆ. ಭುಜ ಅದರಷ್ಟಕ್ಕೇ ಜೊತೆಗೆ ಬಂತು. ಸರ್‌ಗೆ "ಕಿರ್ ಸಾಹೇಬ" ಎಂದು ಹೆಸರಿಟ್ಟವನೂ ನಾನೇ. ವರಾಂಡದಲ್ಲಿ ನಾನು ಸೀಮೆಸುಣ್ಣ ಹಿಡಿದು ನಿಂತರೆ ಇತಿಹಾಸದ ಹುಡುಗರೂ ಬಂದು ನೆರೆಯುತ್ತಿದ್ದರು. ನನ್ನ ನೋಟು ಪುಸ್ತಕದಲ್ಲಿ ಅಂಕೆಗಳಿಗಿಂತ ರುಮಾಲಿನ ಚಿತ್ರಗಳೇ ಹೆಚ್ಚು.

ಈಗ ಬಸಲಿಂಗನ ವಿಷಯ.

ಬಸಲಿಂಗ ನಾಗನೂರವನು, ಒಕ್ಕಲುತನದ ಮನೆ. ಮೂಡಲಗಿಯ ಸಾಲೆಯಲ್ಲಿ ಒಂದೇ ಬೆಂಚು ನಮ್ಮಿಬ್ಬರದು. ನಾನು ಕಾಲೇಜಿಗೆ ಹೋದದ್ದು ಅಪ್ಪನ ಹಟಕ್ಕೆ, ಅವನು ಹೋದದ್ದು ತನ್ನ ಹಟಕ್ಕೆ. ಅವನಿದ್ದದ್ದು ಬಡ ಹುಡುಗರ ಬೋರ್ಡಿಂಗಿನಲ್ಲಿ. ಅಲ್ಲಿಯದು ಒಂದೇ ಕಟ್ಟಳೆ: ಮಧ್ಯಂತರ ಪರೀಕ್ಷೆಯಲ್ಲಿ ಒಂದು ವಿಷಯ ಹೋದರೂ ಜಾಗ ಬಿಡಬೇಕು, ಹೊರಗೆ ಕಾದಿರುವ ಇನ್ನೊಬ್ಬ ಬರಬೇಕು. ಗಣಿತದ ಮಾಸ್ತರನಾಗಬೇಕು, ಅದೂ ಕಾಲೇಜಿನಲ್ಲಿ, ಎಂಬುದು ಅವನ ಆಸೆ. ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನೊಬ್ಬನ ಮುಂದೆ. ನಾನು ಅದನ್ನೂ ಒಮ್ಮೆ ಅವನ ದನಿಯಲ್ಲೇ ಹೇಳಿ ನಗಿಸಲು ನೋಡಿದ್ದೆ. ಆದರೆ ಅವನ ದನಿ ನನಗೆ ಒಲಿಯಲಿಲ್ಲ. ಅದರಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಸೀದಾ ಮಾತು, ಸೀದಾ ಮನುಷ್ಯ.

ಮೂರು ಸಾಲಿನ ಲೆಕ್ಕ ಶುರುವಾಗುವ ಮುಂಚಿನ ವಾರವೇ ಅವನಿಗೆ ಜ್ವರ ಹತ್ತಿತು. ಮುದ್ದತಿನ ಜ್ವರ, ಇಪ್ಪತ್ತೊಂದು ದಿನ ಬಿಡುವುದಿಲ್ಲ ಎಂದರು. ಅವನ ಅಪ್ಪ ಬಂದು ರೈಲಿನಲ್ಲಿ ಮಲಗಿಸಿಕೊಂಡು ಊರಿಗೆ ಕರೆದೊಯ್ದರು. ದೀಪಾವಳಿ ರಜೆ ಮುಗಿದ ಕೂಡಲೇ ಪರೀಕ್ಷೆ. ನಾನು ರಜೆಗೆ ಮೂಡಲಗಿಗೆ ಬಂದ ಮರುದಿನವೇ ನಾಗನೂರಿಗೆ ಸೈಕಲ್ ತುಳಿದೆ.

ಪಡಸಾಲೆಯಲ್ಲಿ ಕೌದಿ ಹೊದ್ದು ಕೂತಿದ್ದ. ಮುಖದಲ್ಲಿ ಕಣ್ಣು ಮೂಗು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

"ಚನ್ನ್ಯಾ, ಎಷ್ಟು ಮುಂದ ಹೋಗ್ಯಾರೋ?" ಎಂಬುದೇ ಅವನ ಮೊದಲ ಮಾತು.

"ಭಾಳ ಮುಂದ. ಆದ್ರ ನಮ್ಮ ಸರ್ ಈಗ ಕಿರ್ ಸಾಹೇಬ ಆಗ್ಯಾರ. ಅವರ್ನ ಪೂರಾ ನನ್ನ ಹೊಟ್ಟ್ಯಾಗ ಹಾಕ್ಕೊಂಡ ಬಂದೇನಿ. ಯಾವ ತಾಸು ಬೇಕು ಹೇಳು."

"ಚ್ಯಾಷ್ಟಿ ಸಾಕು. ನೋಟ್ಸ್ ಕೊಡು."

"ನೋಟ್ಸ್ಯಾಕ? ನಾನ ಇದ್ದೇನಲ್ಲ!"

ಹನ್ನೆರಡು ದಿನ ಹೋದೆ. ದಿನವೂ ಬೆಳಿಗ್ಗೆ ಹತ್ತರಿಂದ ಒಂದರ ತನಕ ಅವರ ಕೋಣೆಯ ಕರಿ ಬಾಗಿಲೇ ನನ್ನ ಹಲಗೆ. ಅವರವ್ವನ ಕೆಂಪು ವಸ್ತ್ರ ತಲೆಗೆ ಸುತ್ತಿಕೊಂಡು, ಒಂಬತ್ತು ಅಂಕೆ ಬರೆದು, ಸರ್ ಹೇಳಿದ್ದನ್ನು ಸರ್ ದನಿಯಲ್ಲೇ ಒಂದಕ್ಷರ ಬಿಡದೆ ಒಪ್ಪಿಸಿದೆ. ಎರಡನೆಯ ಅಂಕೆಗೆ ಬಂದಾಗ ಕಿರ್ರ್, ಎಡ ಭುಜ ಮೇಲೆ. ಬಸಲಿಂಗ ಕೌದಿಯೊಳಗೆ ಮುದುಡಿ ನಗುತ್ತಿದ್ದ. ಅವರವ್ವ ಒಳಗಿನಿಂದ ಬಂದು ನಿಂತು, "ಏ ತಮ್ಮಾ, ಇನ್ನೊಮ್ಮಿ ಹಾರಸು. ತಿಂಗಳಾತು, ನನ್ನ ಕೂಸು ನಕ್ಕದ್ದು ಇವತ್ತ ನೋಡ್ದೆ" ಎಂದರು. ಇನ್ನೊಮ್ಮೆ ಹಾರಿಸಿದೆ. ಅವರು ಬಿಸಿ ಹಾಲಿಗೆ ಬೆಲ್ಲ ಹಾಕಿ ನನಗೂ ಒಂದು ವಾಟಿ ಕೊಟ್ಟರು. ಬಣ್ಣ ಹಚ್ಚುವ ನಾಟಕದವರಿಗೂ ಇಷ್ಟು ಮರ್ಯಾದೆ ಸಿಗಲಿಕ್ಕಿಲ್ಲ.

ಮೂರನೆಯ ದಿನ ಬಸಲಿಂಗ ಕೇಳಿದ: "ಮೊದಲನೇದು ಮುಗಿಸಿ ಎರಡನೇದಕ್ಕ ಹೋಗೂವಾಗ ನಡಬರಕ ಏನ್ ಬರೀಲಿ? ಕೂಡಸೂದೇನು?"

ಸರ್ ಬಾಯಿಂದ ಅಲ್ಲಿ ಏನೂ ಬಂದಿರಲಿಲ್ಲವಲ್ಲ! ನಾನು ಕಣ್ಣು ಸಹ ಪಿಳಕಿಸದೆ ಹೇಳಿದೆ: "ಮತ್ತೇನ್ ಮಾಡ್ತಿ? ಕೂಡಸು!"

ಅವನು ಕೂಡಿಸಿದ.

ಇನ್ನೆರಡು ದಿನ ಬಿಟ್ಟು ಮತ್ತೆ ಕೇಳಿದ. "ಎರಡು ಸಾಲು ಒಂದೇ ಇದ್ರ ಸೊನ್ನಿ ಬರ್ತೈತಿ ಅಂದಿ. ನಾನು ಮ್ಯಾಲಿನ ಎರಡೂ ಸಾಲು ಒಂದು, ಎರಡು, ಮೂರು ಅಂತ ಇಟ್ಟೆ. ಕೆಳಗ ನಾಕು, ಐದು, ಏಳು. ಸೊನ್ನಿ ಬರವಲ್ದು ಚನ್ನ್ಯಾ. ಇಪ್ಪತ್ತು ವಜಾ ಬರ್ತೈತಿ."

"ತಲಿ ಜ್ವರದ್ದು ಐತಿ. ಎಲ್ಲೋ ಬೇರೀಜು ತಪ್ಪೀ. ಮತ್ತ ಮಾಡು."

ಮತ್ತೆ ಮಾಡಿದ. ಇಪ್ಪತ್ತೇ ವಜಾ. ಇನ್ನೊಮ್ಮೆ ಮಾಡಿದ. ಹಣೆಯ ಮೇಲೆ ಬೆವರು ಮೂಡಿತ್ತು. ನಾನು ಬಾಗಿಲ ಮುಂದೆ ನಿಂತು, ಕಂಪೌಂಡರನ ದನಿಯಲ್ಲಿ "ಉರಿಯೂದಿಲ್ಲ, ಉರಿಯೂದಿಲ್ಲ" ಎಂದೆ. ಅವನು ನಕ್ಕು ಪುಸ್ತಕ ಮುಚ್ಚಿ, "ಖರೇನ, ತಲಿ ಇನ್ನಾ ಹಗುರ ಆಗಿಲ್ಲ ನೋಡು" ಎಂದ. ತನ್ನ ಲೆಕ್ಕ ಸರಿಯಿದ್ದರೂ ತನ್ನ ತಲೆಯನ್ನೇ ಸಂಶಯಪಟ್ಟ. ನನ್ನನ್ನು ಸಂಶಯಪಡಲಿಲ್ಲ. ಈ ಒಂದು ಮಾತು ಬರೆಯುವಾಗ ನನ್ನ ಪೆನ್ನು ಎರಡು ಸಲ ನಿಂತಿತು.

ಪರೀಕ್ಷೆ ಬಂತು. ಬಸಲಿಂಗ ಕುಂಟುತ್ತ ಕೆಮ್ಮುತ್ತ ಬೆಳಗಾವಿಗೆ ಬಂದು, ನನಗಿಂತ ಮೂರು ಬೆಂಚು ಮುಂದೆ ಕೂತ. ಮೂರನೆಯ ಪ್ರಶ್ನೆಯೇ ಮೂರು ಸಾಲಿನದು. ನಾನು ಬಿಡಿಸುತ್ತ ಹೋದೆ. ಎರಡನೆಯ ಅಂಕೆಗೆ ಬಂದೆನೋ ಇಲ್ಲವೋ, ಅಷ್ಟು ದಿನದ ರೂಢಿಗೆ ಗಂಟಲಿನಿಂದ ಕಿರ್ರ್ ಬಂತು, ಭುಜ ಹಾರಿತು, ಅದರ ಜೊತೆ ಕೈಯೂ ಹಾರಿ ಕಾಗದದ ಮೇಲೆ ಉದ್ದ ಗೀರು ಬಿತ್ತು. ಹಿಂದಿನವರು ಕಿಸಕ್ಕೆಂದರು. ಮೇಲ್ವಿಚಾರಕರು ಕಣ್ಣು ಬಿಟ್ಟರು. ನಾನು ಆ ಗೀರನ್ನೇ ನೋಡುತ್ತ ಕೂತೆ.

ಅದು ಮೈನಸ್ ಆಗಿತ್ತು.

ಆ ಕ್ಷಣ ಎಲ್ಲ ತಿಳಿಯಿತು. ಸರ್ ಆ ಚಿಹ್ನೆಯನ್ನು ಬಾಯಿಂದ ಹೇಳುತ್ತಿರಲಿಲ್ಲ, ಬರೆಯುತ್ತಿದ್ದರು. ಉದ್ದನೆಯ ಅಡ್ಡ ಗೀರೆಳೆದರೆ ಸೀಮೆಸುಣ್ಣ ಕಿರ್ರೆನ್ನುತ್ತಿತ್ತು, ಆ ಸದ್ದಿಗೆ ಅವರ ಮೈ ಝುಮ್ಮೆಂದು ಭುಜ ಏಳುತ್ತಿತ್ತು. ಬಸಲಿಂಗನ ಆ ಒಂದು, ಎರಡು, ಮೂರರ ಲೆಕ್ಕವನ್ನು ಕಾಗದದ ಮೂಲೆಯಲ್ಲಿ ಮಾಡಿ ನೋಡಿದೆ. ಎರಡನೆಯದನ್ನು ಕಳೆದೊಡನೆ ಸೊನ್ನೆ ತಾನಾಗಿ ಬಂದು ಕೂತಿತು. ನಾಗನೂರಿನ ಪಡಸಾಲೆಯಲ್ಲಿ ನಾನು ಪ್ರತಿಯೊಂದು ಮೈನಸ್ಸನ್ನೂ ತಪ್ಪದೆ ಬಸಲಿಂಗನಿಗೆ ಕೊಟ್ಟಿದ್ದೆ. ಅವನು ಬರೆಯಬೇಕಾದಲ್ಲೆಲ್ಲ ನಕ್ಕಿದ್ದ.

ನನ್ನ ಉತ್ತರಗಳನ್ನು ತಿದ್ದಿಕೊಂಡೆ. ಮೂರು ಬೆಂಚಿನ ಮುಂದೆ ಬಸಲಿಂಗನ ಬಾಗಿದ ಬೆನ್ನು ಒಂದೇ ಸಮನೆ ಬರೆಯುತ್ತಿತ್ತು. ಹೊರಗೆ ಬಂದವನೇ ನನ್ನ ಹೆಗಲ ಮೇಲೆ ಕೈ ಹಾಕಿ, "ಎಲ್ಲಾ ಬಿಡಿಸಿದೆ ಚನ್ನ್ಯಾ, ಒಂದೂ ಬಿಟ್ಟಿಲ್ಲ" ಎಂದ. ನಾನು ಏನೆಂದೆ ಗೊತ್ತೆ? "ಭೇಷ್" ಎಂದೆ.

ಅವನಿಗೆ ಗಣಿತ ಹೋಯಿತು. ನನಗೆ ನೂರಕ್ಕೆ ಅರವತ್ತರ ಮೇಲೆ ಬಂತು. ಬೋರ್ಡಿಂಗಿನವರು ಅವನಿಗೆ ಎಂಟು ದಿನದ ಅವಧಿ ಕೊಟ್ಟರು.

ಆ ಭಾನುವಾರ ಬೆಳಿಗ್ಗೆ ನಾನು ಸರ್ ಮನೆಗೆ ಹೋದೆ, ಎಲ್ಲವನ್ನೂ ಹೇಳಿಬಿಡಬೇಕೆಂದೇ. ಸರ್ ಕಟ್ಟೆಯ ಮೇಲೆ ಕೂತು ಸೀಮೆಸುಣ್ಣದ ಕಡ್ಡಿಗಳನ್ನು ಒಂದೊಂದಾಗಿ ನಡುವೆ ಮುರಿದು ಡಬ್ಬಿಗೆ ಹಾಕುತ್ತಿದ್ದರು. ತಲೆಗೆ ರುಮಾಲಿರಲಿಲ್ಲ. ಇಂಗ್ಲಿಷೂ ಇರಲಿಲ್ಲ.

"ಬಾರಪಾ, ಕೂಡು. ಸಣ್ಣ ತುಂಡಾದ್ರ ಕಿರ್ ಅನ್ನೂದಿಲ್ಲ ಅಂತ ಯಾರೋ ಹೇಳ್ಯಾರ, ನೋಡಾಕತ್ತೇನಿ. ಸಣ್ಣಂದಿನಿಂದ ನನಗ ಆ ಸಪ್ಪಳ ತಡಿಯಾಕ ಆಗೂದಿಲ್ಲ. ಹುಡುಗರು ನಗ್ತಾರ, ಗೊತ್ತೈತಿ ನನಗ. ನಗಲಿ ಬಿಡು, ವಯಸ್ಸು." ಇನ್ನೊಂದು ಕಡ್ಡಿ ಮುರಿದರು. "ಏನು ಬಂದಿ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿದರು.

"ನೀ ಬಸಲಿಂಗನ ಜೋಡಿ ಅಲ್ಲೇನು? ಚಲೋ ಆತು. ಅವನ ಪೇಪರ್ ನೋಡಿ ನನಗ ಅನ್ನ ರುಚಿ ಹತ್ತಿಲ್ಲ ನೋಡು. ಒಂದೂ ಗುಣಾಕಾರ ತಪ್ಪಿಲ್ಲ, ಒಂದೂ ಬೇರೀಜು ತಪ್ಪಿಲ್ಲ. ಆದ್ರ ಎಲ್ಲಾ ಕಡೆ ಎರಡನೇದು ಕೂಡಿಸ್ಯಾನ. ತಿಳೀದವ ಒಮ್ಮೆರೆ ಅದೃಷ್ಟಕ್ಕ ಸರಿ ಮಾಡ್ತಾನ. ಇವ ಒಮ್ಮಿನೂ ಮಾಡಿಲ್ಲ. ಅಂದ್ರ ಯಾರೋ ಹಂಗ ಕಲಿಸ್ಯಾರ. ಕರಸಿ ಕೇಳ್ದೆ, ಯಾರು ಕಲಿಸಿದ್ರಪಾ ಅಂತ. ತಲಿ ತಗ್ಗಿಸಿ ನಿಂತ. ಮೂರು ಸಲ ಕೇಳ್ದೆ, ತುಟಿ ಎರಡು ಮಾಡಲಿಲ್ಲ."

ಕಡ್ಡಿಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

"ಕಲಿಸಿದವ ಬಂದು ನನ್ನ ಮುಂದ ಖರೆ ಹೇಳಿದ್ರ, ನಾನು ಅವನ್ನ ಕರ್ಕೊಂಡು ಪ್ರಿನ್ಸಿಪಾಲರ ಕಡೆ ಹೋಗ್ತೇನಿ. ಹುಡುಗ ಜ್ವರದಾಗ ಬಿದ್ದಿದ್ದ, ಇನ್ನೊಮ್ಮಿ ಪರೀಕ್ಷಾ ಕೊಡಸ್ರಿ ಅಂತ ಕೇಳ್ತೇನಿ. ಬರೇ ನನ್ನ ಮಾತು ನಡಿಯೂದಿಲ್ಲ. ಯಾರದು? ನಿನಗ ಗೊತ್ತೈತೇನು?"

ಹೇಳಬೇಕಾದದ್ದು ಒಂದೇ ಮಾತು. ಆದರೆ ಹಾಗೇಕೆ ಕಲಿಸಿದೆ ಎಂದು ಕೇಳಿದರೆ ಭುಜ ಹಾರಿಸಿ ತೋರಿಸಬೇಕಾಗುತ್ತಿತ್ತು, ಕಿರ್ರ್ ಎನ್ನಬೇಕಾಗುತ್ತಿತ್ತು, ಅದೂ ಕಡ್ಡಿ ಮುರಿಯುತ್ತ ಕೂತ ಆ ಮನುಷ್ಯನ ಎದುರಿಗೆ.

"ಗೊತ್ತಿಲ್ರಿ ಸರ್" ಎಂದೆ.

ಬಾಲ್ಯದಿಂದ ಊರವರ ದನಿಯಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಯಾವುದೆಂದೇ ನನಗೆ ಮರೆತಿತ್ತು. ಅವತ್ತು ಕೇಳಿಸಿತು. ಅದು ಅಪ್ಪನದಲ್ಲ, ಮಾವನದಲ್ಲ, ಕಂಡಕ್ಟರನದಲ್ಲ. ಅಪ್ಪಟ ನನ್ನದು. ಸಣ್ಣಗಿತ್ತು.

ಬಸಲಿಂಗ ಟ್ರಂಕು ಹೊತ್ತು ಸ್ಟೇಶನ್ನಿಗೆ ಹೊರಟಾಗ ಬಿಡಲು ಹೋದೆ. "ಜ್ವರದ ತಲಿಗೆ ಲೆಕ್ಕಾ ಹತ್ತಲಿಲ್ಲ ನೋಡು" ಎಂದಷ್ಟೇ ಹೇಳಿ ಡಬ್ಬಿ ಹತ್ತಿದ. ನಾನು ಹೌದೆಂದು ತಲೆಯಾಡಿಸಿದೆ. ಅದರ ಮುಂದೆ ಕಾಲೇಜು ಮುಗಿಯುವವರೆಗೂ ಕಿರ್ ಸಾಹೇಬರನ್ನು ಮಾಡಲಿಲ್ಲ. ಯಾರಾದರೂ ಒತ್ತಾಯಿಸಿದರೆ ಗಂಟಲು ಕೆಟ್ಟಿದೆ ಎನ್ನುತ್ತಿದ್ದೆ. ಎರಡನೆಯ ವರ್ಷ ತಡವಾಗಿ, ಒಬ್ಬನೇ ಕೂತು, ಆ ಒಂಬತ್ತು ಅಂಕೆಗಳ ಪಾಠವನ್ನು ಮೊದಲಿನಿಂದ ಓದಿದೆ. ಅದರಲ್ಲಿದ್ದ ಅಚ್ಚುಕಟ್ಟು ಆಗ ಕಂಡಿತು. ಅದನ್ನು ಕಂಡು ಹಿಗ್ಗಬೇಕಾದವನು ನಾಗನೂರಿನಲ್ಲಿದ್ದ.

ಆಮೇಲೆ ನನಗೆ ಗೋಕಾಕದ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಬಸಲಿಂಗ ಟ್ರೇನಿಂಗ್ ಮಾಡಿ ಹುಕ್ಕೇರಿಯ ಕನ್ನಡ ಸಾಲೆಗೆ ಮಾಸ್ತರನಾದ ಎಂಬ ಸುದ್ದಿ ಅವನ ಊರವರಿಂದ ಬಂತು. ಹೋಗಬೇಕು ಎಂದುಕೊಳ್ಳುತ್ತ ಎರಡು ವರ್ಷ ಕಳೆದೆ. ಹೋಗದಿರಲು ನನಗೆ ಯುದ್ಧವೂ ಒಂದು ನೆಪವಾಯಿತು: ಪೆಟ್ರೋಲಿಲ್ಲ, ಮೋಟಾರುಗಳೆಲ್ಲ ಇದ್ದಿಲಿನ ಹೊಗೆಯಿಂದ ಓಡುವವು. ಕಡೆಗೆ ಹೋದ ಬೇಸಿಗೆಯ ಮೊದಲಿಗೆ ಅಂಥದೇ ಒಂದು ಮೋಟಾರಿನಲ್ಲಿ ಕೂತೆ. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕಿದೆವು. ಹತ್ತರಗಿಯಲ್ಲಿ ಅದು ಒಂದು ತಾಸು ಸುಮ್ಮನೆ ನಿಂತು ಕೆಮ್ಮಿತು. ಥೇಟ್ ನಮ್ಮ ಸೋದರಮಾವ.

ಸಾಲೆಯ ಹೊರಗೆ ನಿಂತಾಗ ಒಳಗಿನಿಂದ ಬಸಲಿಂಗನ ದನಿ ಕೇಳಿಸಿತು.

"ಇಲ್ಲಿ ಏನು ಬರದೆ?"

"ವಜಾ!" ಎಂದವು ನಲವತ್ತು ಬಾಯಿ.

"ಕೇಳಲಿಲ್ಲ."

"ವಜಾ!" ಹೆಂಚು ಹಾರುವಂತೆ.

"ಹಲಗಿ ಮ್ಯಾಲ ಬರದದ್ದನ್ನ ಬಾಯಿಲೆ ಹೇಳಬೇಕು. ಹೇಳಿದ್ದನ್ನ ಪಾಟಿ ಮ್ಯಾಲ ಬರೀಬೇಕು. ಮುಂದ."

ನಾನು ಬಾಗಿಲಲ್ಲಿ ಕಂಡದ್ದೇ ಅವನ ಮುಖ ಅರಳಿತು. "ಏ ಚನ್ನ್ಯಾ! ಇದೇನೋ ಬಂದಿ?"

"ಸುಮ್ಮನ. ಹಿಂಗ ಹೊಂಟಿದ್ದೆ." ನೋಡಿದಿರಾ? ಏರಿಗೊಮ್ಮೆ ಮೋಟಾರು ನೂಕಿ ಬಂದವನ ಮಾತು ಇದು.

ಅವನು ಮಕ್ಕಳ ಕಡೆ ತಿರುಗಿದ. "ಇವರು ನನ್ನ ಗೆಳ್ಯಾರು. ಜಗತ್ತಿನ್ಯಾಗ ಯಾರ್ನ ಬೇಕಾದ್ರೂ ಹುಬೇಹೂಬ ಮಾಡಿ ತೋರಸ್ತಾರ. ಯಾರ್ನ ಮಾಡ್ಲಿ, ಹೇಳ್ರಿ?"

"ನಿಮ್ಮನ್ನ ಮಾಡ್ಲೀರಿ, ಮಾಸ್ತರ!" ಎಂದು ನಲವತ್ತೂ ಬಾಯಿ ಒಂದೇ ಸಲ ಕೂಗಿದವು.

ಬಸಲಿಂಗ ನಕ್ಕ. "ಹೂಂ, ಮಾಡಪಾ. ನನ್ನ ಮಾಡು ನೋಡೂಣು."

ಅವನ ದನಿ ನನಗೆ ಯಾವತ್ತೂ ಒಲಿದಿರಲಿಲ್ಲ ಎಂದೆನಲ್ಲ. ಅವನದೆಂದು ನನಗೆ ಗೊತ್ತಿದ್ದದ್ದು ಒಂದೇ, ಅದನ್ನೂ ನಾನು ಕಣ್ಣಾರೆ ನೋಡಿದ್ದಲ್ಲ, ಸರ್ ಬಾಯಿಂದ ಕೇಳಿದ್ದು. ಹಲಗೆಯ ಪಕ್ಕಕ್ಕೆ ಹೋಗಿ ನಿಂತೆ. ತಲೆ ತಗ್ಗಿಸಿದೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ತುಟಿ ಬಿಗಿಹಿಡಿದೆ. ನನ್ನೆದುರು ಯಾರೋ ಕೂತು, ಯಾರು ಕಲಿಸಿದರು ಎಂದು ಕೇಳಿದಂತೆ, ನಾನು ಹೇಳದಂತೆ. ಇನ್ನೊಮ್ಮೆ ಕೇಳಿದಂತೆ. ಮೂರನೆಯ ಸಲ ಕೇಳಿದಂತೆ.

ಮಕ್ಕಳು ನಗಲು ಕಾದವು. ನಗುವಂಥದು ಏನೂ ಬರಲಿಲ್ಲ. "ನಮ್ಮ ಮಾಸ್ತರ ಹಿಂಗ ನಿಂದ್ರೂದಿಲ್ರಿ" ಎಂದು ಒಂದು ಮಗು ಮೆಲ್ಲಗೆ ಹೇಳಿತು.

ಬಸಲಿಂಗ ನಗುತ್ತಿದ್ದವನು ನಿಲ್ಲಿಸಿದ್ದ. ಕೈಗೆ ಹತ್ತಿದ ಸುಣ್ಣವನ್ನು ಧೋತರದ ಅಂಚಿಗೆ ಒರೆಸಿಕೊಂಡು ಹತ್ತಿರ ಬಂದ. ಮಕ್ಕಳಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ:

"ತಪ್ಪೈತಿ ಚನ್ನ್ಯಾ. ಅವತ್ತ ಕೈ ಹಿಂದ ಇದ್ವು."

ನಾನು ಎದೆಯ ಮೇಲಿನ ಕೈ ಬಿಚ್ಚಿ ಹಿಂದಕ್ಕೆ ಕಟ್ಟಿಕೊಂಡೆ.